ಅಕ್ಕ ತಂಗಿಯರ ಕಾರಿಗೆ ಗೇಜು ಬಂದದ್ದು

ಮನೆಯನ್ನು ಪಾಲು ಮಾಡಬಹುದು, ಪಾತ್ರೆಪಗಡವನ್ನು ಪಾಲು ಮಾಡಬಹುದು, ಹಿತ್ತಲಿನ ನಲ್ಲಿಯನ್ನು ಕೂಡ ಬೆಳಿಗ್ಗೆ ನಿನಗೆ ಸಂಜೆ ನನಗೆ ಅಂತ ಹಂಚಿಕೊಳ್ಳಬಹುದು. ಕಾರನ್ನು ಏನು ಮಾಡುವುದು? ಮುಂದಿನ ಎರಡು ಚಕ್ರ ಅಕ್ಕನಿಗೆ, ಹಿಂದಿನ ಎರಡು ತಂಗಿಗೆ ಅಂತ ಬರೆದುಕೊಟ್ಟರೆ ಅದು ಯಾವ ಊರು ಮುಟ್ಟೀತು? ಹಾಗಾಗಿ ಅಪ್ಪ ಬಿಟ್ಟುಹೋದ ಆ ಹಳೆಯ ಕಾರೊಂದು ಮಾತ್ರ ಇಬ್ಬರಿಗೂ ಸೇರಿದ್ದಾಗಿ ಉಳಿಯಿತು. ಮಿಕ್ಕಂತೆ ಮನೆಯ ಮುಂಭಾಗ ಅಕ್ಕನದು, ಹಿಂಭಾಗ ತಂಗಿಯದು, ನಡುವಿನ ಬಾಗಿಲಿಗೆ ಎರಡೂ ಕಡೆಯಿಂದ ಚಿಲಕ.

ಜಗಳ ಯಾತಕ್ಕೆ ಅಂತ ಕೇಳಬೇಡಿ, ಹೇಳಿದರೆ ನಕ್ಕುಬಿಡುತ್ತೀರಿ. ಉಪ್ಪಿಗೆ! ಅಕ್ಕ ಜೀವಮಾನವೆಲ್ಲ ಒಂದು ಹಾಸ್ಟೆಲಿನ ಅಡುಗೆಮನೆಯಲ್ಲಿ ಸೌಟು ಹಿಡಿದವಳು. ಅಷ್ಟು ಹೊಟ್ಟೆಗಳಿಗೆ ಬಡಿಸಿದ ಕೈಗೆ ಅಳತೆ ಅನ್ನುವುದು ಎಲ್ಲಿಂದ ಬರಬೇಕು? ಬೀದಿಯವರು ಅವಳನ್ನು ಸೌಟಮ್ಮ ಅಂತಲೇ ಕರೆಯುತ್ತಿದ್ದರು. ತಂಗಿ ಒಂದು ಆಸ್ಪತ್ರೆಯ ಔಷಧದ ಕೋಣೆಯಲ್ಲಿ ಹನಿ ಎಣಿಸಿ ಎಣಿಸಿಯೇ ನಿವೃತ್ತಳಾದವಳು. ಅವಳು ಹನಿಯಮ್ಮ. ಹನಿಯಮ್ಮನ ಮನೆಯಲ್ಲಿ ಚಹಾ ಕುಡಿದವರು ಲೋಟದ ತಳ ನೋಡಿ, ಇನ್ನೂ ಹಾಕಿಲ್ಲವೇನೋ ಅಂದುಕೊಂಡು ಕಾಯುತ್ತಿದ್ದರಂತೆ.

ಅಕ್ಕನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ತಂಗಿ ಮದುವೆಯ ಗೋಜಿಗೇ ಹೋಗಿರಲಿಲ್ಲ. ಅಮ್ಮ ಹೋದ ಮೇಲೆ ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಶುರು ಮಾಡಿದರು. ಅಲ್ಲಿಗೆ ಬಂತು ಗ್ರಹಚಾರ. ಅಕ್ಕ ಹಾಕಿದ ಉಪ್ಪಿಗೆ ತಂಗಿ ನೀರು ಸುರಿದಳು, ತಂಗಿ ಸುರಿದ ನೀರಿಗೆ ಅಕ್ಕ ಮತ್ತೆ ಉಪ್ಪು ಹಾಕಿದಳು. "ನಿನ್ನ ಅಡುಗೆ ತಿನ್ಬೇಕಾದ್ರೆ ಜ್ವರ ಬಂದಿರ್ಬೇಕು" ಅಂದಳು ಅಕ್ಕ. "ನಿನ್ನ ಅಡುಗೆ ತಿಂದ್ರೆ ಜ್ವರ ಬರುತ್ತೆ" ಅಂದಳು ತಂಗಿ. ಮಾತಿಗೆ ಮಾತು ಬೆಳೆಯಿತು. ಒಲೆ ಎರಡಾಯಿತು, ಮನೆ ಎರಡಾಯಿತು, ಮಾತು ನಿಂತೇಹೋಯಿತು.

ಆದರೆ ವಾರದ ಸಂತೆಗೆ ಹೋಗಲೇಬೇಕಲ್ಲ. ಕಾರು ಓಡಿಸಲು ಬರುವುದು ಅಕ್ಕನಿಗೆ. ಹಿಂದೆ ಯಾರು ಬರುತ್ತಿದ್ದಾರೆ, ಎಲ್ಲಿ ಹಳ್ಳವಿದೆ, ಯಾವ ಅಂಗಡಿಯ ಮುಂದೆ ಜಾಗವಿದೆ ಎಂದು ನೋಡಿ ಹೇಳುವ ಕಣ್ಣು ತಂಗಿಯದು. ಹೇಳದೆ ಹೋದರೆ ಕಾರು ಗೋಡೆಗೆ ಹೋಗುತ್ತದೆ. ಹೀಗೆ ಯಾರೂ ಕೂತು ಗೊತ್ತುಮಾಡದ ಒಂದು ಪದ್ಧತಿ ತಾನಾಗಿ ಬಂದುಬಿಟ್ಟಿತು. ಎಂಜಿನ್ ಶುರುವಾದರೆ ಮಾತು ಶುರು, ಎಂಜಿನ್ ಆರಿದರೆ ಮಾತು ಬಂದ್. ಆ ಹೊತ್ತಿನಲ್ಲಿ ಇಬ್ಬರೂ ವಾರವಿಡೀ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಆಡಿ ಮುಗಿಸುತ್ತಿದ್ದರು. ಮಂಡಿನೋವು, ಪಕ್ಕದ ಮನೆಯ ಸೊಸೆ, ಕನಸಿನಲ್ಲಿ ಬಂದ ಅಮ್ಮ, ಎಲ್ಲವೂ ಸಂತೆಯ ದಾರಿಯಲ್ಲೇ. ಮನೆಗೆ ಬಂದು ಕೀಲಿ ತಿರುಗಿಸಿದೊಡನೆ ಇವಳು ಮುಂದಿನ ಬಾಗಿಲಿಗೆ, ಅವಳು ಹಿಂದಿನ ಬಾಗಿಲಿಗೆ.

ಆ ಕಾರಿಗೇ ಈಗ ಕಂಟಕ ಬಂದಿತ್ತು. ಹೊಗೆ ತಪಾಸಣೆಗೆ ಹೋದಾಗ ಅಲ್ಲಿಯವನು ಸೈಲೆನ್ಸರಿಗೆ ಕೊಳವೆ ತೂರಿಸಿ, ಮೂಗು ಮುಚ್ಚಿಕೊಂಡು, "ಅಮ್ಮಾ, ಈ ಸಲ ಬಿಡ್ತೀನಿ. ಮುಂದಿನ ತಿಂಗಳು ಮತ್ತೆ ತನ್ನಿ. ಆಗ್ಲೂ ಹಿಂಗೇ ಇದ್ರೆ ಸೀದಾ ಗುಜರಿಗೆ" ಅಂದಿದ್ದ. ಅಕ್ಕ ಅವನನ್ನು ದಾರಿಯುದ್ದಕ್ಕೂ ಬೈದಳು. ಹನಿಯಮ್ಮ ಬೈಯಲಿಲ್ಲ. ಕಾರು ಹೋದರೆ ಸಂತೆಗೆ ಬಸ್ಸಿದೆ, ತರಕಾರಿ ಮನೆಬಾಗಿಲಿಗೂ ಬರುತ್ತದೆ. ಅಕ್ಕನ ಜೊತೆ ಮಾತಾಡುವುದಕ್ಕೆ ಮಾತ್ರ ಬೇರೆ ಜಾಗವಿರಲಿಲ್ಲ. ಮಾತಿಲ್ಲದೆ ಆ ಹಿಂದಿನ ಕೋಣೆಯಲ್ಲಿ ದಿನ ಕಳೆಯುವುದನ್ನು ನೆನೆಸಿಕೊಂಡೇ ಅವಳಿಗೆ ಭಯವಾಯಿತು. ಅದನ್ನು ಬಾಯಿಬಿಟ್ಟು ಹೇಳುವಳೇ? ಹನಿಯಮ್ಮ ಮಾತನ್ನೂ ಅಳೆದೇ ಖರ್ಚು ಮಾಡುವವಳು. "ಮೆಕ್ಯಾನಿಕ್ ಹತ್ರ ಹೋಗೋಣ ಅಕ್ಕ" ಅಂದಳು, ಅಷ್ಟೇ.

ಮೆಕ್ಯಾನಿಕ್ ಅದೇ ಬೀದಿಯಲ್ಲಿ ಬೆಳೆದವನು. ಚಿಕ್ಕಂದಿನಿಂದ ಒಬ್ಬಳನ್ನು ದೊಡ್ಡಮ್ಮ, ಇನ್ನೊಬ್ಬಳನ್ನು ಚಿಕ್ಕಮ್ಮ ಅಂತ ಕರೆದು ಇಬ್ಬರ ಕೈಯಲ್ಲೂ ಬೈಸಿಕೊಂಡವನು. ಅವನು ಕಾರ್ಬುರೇಟರ್ ಬಿಚ್ಚಿ ತೊಳೆದ, ಪ್ಲಗ್ಗು ಬದಲಾಯಿಸಿದ, ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ತಂಗಿ ಕೂರುವ ಕಡೆಗೆ ಗಡಿಯಾರದಂತೆ ಮುಳ್ಳಿರುವ ಎರಡು ಹೊಸ ಗೇಜು ಕೂರಿಸಿದ.

"ಇದೇನೋ ಇದು, ಮೂಗಿಗಿಂತ ಮೂಗುತಿ ಭಾರ" ಅಂದಳು ಅಕ್ಕ.

"ಕೇಳಿಸ್ಕೊಳ್ಳಿ ದೊಡ್ಡಮ್ಮ. ಎಂಜಿನ್ನಿಗೆ ಬರೀ ಪೆಟ್ರೋಲು ಸಾಲ್ದು, ಗಾಳೀನೂ ಬೇಕು. ಒಂದು ಪಾಲು ಪೆಟ್ರೋಲಿಗೆ ಹತ್ತಿರ ಹತ್ತಿರ ಹದಿನಾಲ್ಕು ಮುಕ್ಕಾಲು ಪಾಲು ಗಾಳಿ, ತೂಕದ ಲೆಕ್ಕದಲ್ಲಿ."

ಹನಿಯಮ್ಮನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಗ್ಯಾರೇಜಿನಲ್ಲಿ ಅವಳಿಗೆ ಅರ್ಥವಾದ ಮೊದಲ ಮಾತು ಅದು. ಅಕ್ಕ ಮಾತ್ರ, "ಗಾಳೀನ ಯಾವ ತಕ್ಕಡೀಲಿ ತೂಗಿದ್ಯೋ?" ಅಂದಳು.

"ನಾನಲ್ಲ, ಸೈಲೆನ್ಸರ್ ಪೈಪಿನಲ್ಲಿ ಒಂದು ಸೆನ್ಸರ್ ಕೂರಿಸಿದ್ದೀನಿ. ಉರಿದು ಬಂದ ಹೊಗೇಲಿ ಎಷ್ಟು ಗಾಳಿ ಮಿಕ್ಕಿದೆ ಅಂತ ಅದು ನೋಡುತ್ತೆ. ಮಿಕ್ಕಿದ್ರೆ ಈ ಮುಳ್ಳು ಬಲಕ್ಕೆ ಹಳದಿಗೆ ಹೋಗುತ್ತೆ, ಗಾಳಿ ಜಾಸ್ತಿ ಅಂತ. ಏನೂ ಮಿಗದೆ ಪೆಟ್ರೋಲೇ ಜಾಸ್ತಿ ಆದ್ರೆ ಎಡಕ್ಕೆ ಕೆಂಪಿಗೆ. ನಡುವೆ ಹಸಿರಲ್ಲಿದ್ರೆ ಕ್ಷೇಮ. ಪಕ್ಕದ್ದು ಎಂಜಿನ್ ಉಸಿರೆಳೆಯೋ ಗೇಜು. ಮುಳ್ಳು ನೆಟ್ಟಗಿದ್ರೆ ಎಲ್ಲ ಸಿಲಿಂಡರೂ ಕೆಲಸ ಮಾಡ್ತಿವೆ. ನಡುಗಿದ್ರೆ ಯಾವನೋ ಒಬ್ಬ ಮಲಗಿದ್ದಾನೆ ಅಂತ. ಎರಡನ್ನೂ ನೋಡ್ಬೇಕು." ಆಮೇಲೆ ಕಾರ್ಬುರೇಟರಿನ ಬುಡದ ಒಂದು ಪುಟ್ಟ ಸ್ಕ್ರೂ ಮುಟ್ಟಿ ತೋರಿಸಿದ. "ಇದನ್ನ ಒಳಕ್ಕೆ ತಿರುಗಿಸಿದ್ರೆ ಪೆಟ್ರೋಲು ಕಡಿಮೆ, ಹೊರಕ್ಕೆ ತಿರುಗಿಸಿದ್ರೆ ಜಾಸ್ತಿ. ಇದು ನನ್ನ ಕೆಲಸ. ನೀವು ಮುಟ್ಟೋ ಹಾಗಿಲ್ಲ."

ಅಲ್ಲೇ ಅವನು ಎಡವಿದ್ದು. ಮುಟ್ಟಬೇಡಿ ಅನ್ನುವವನು ತೋರಿಸಬಾರದಿತ್ತು.

ಮೊದಲ ವಾರ ಸಂತೆಗೆ ಹೊರಟಾಗ ಹನಿಯಮ್ಮ ಕನ್ನಡಕ ಒರೆಸಿಕೊಂಡು ಬಣ್ಣಬಣ್ಣದ ಗೇಜಿನ ಮುಂದೆ ಕೂತಳು. ಎರಡನೆಯ ಗೇಜಿಗೆ ಬಣ್ಣವಿರಲಿಲ್ಲ, ಹಾಗಾಗಿ ಅದರ ಕಡೆ ಯಾರೂ ನೋಡಲಿಲ್ಲ. ಅಕ್ಕ ಅದರ ಮೇಲೆ ತನ್ನ ಕರವಸ್ತ್ರ ಒಣಹಾಕಿದಳು.

"ಎಡಕ್ಕೆ ಹೋಯ್ತು ಅಕ್ಕ."

"ಎಡಕ್ಕೇ ತಾನೇ ಹೋಗ್ಬೇಕು, ಸಂತೆ ಇರೋದು ಆ ಕಡೆ."

"ಕಾರಲ್ಲ, ಮುಳ್ಳು!"

"ಮುಳ್ಳು ಹೋದ್ರೆ ಹೋಗ್ಲಿ ಬಿಡೇ. ನೀನು ಹಳ್ಳ ನೋಡಿ ಹೇಳು." ಕಾರು ದಡಾರನೆ ಹಳ್ಳಕ್ಕಿಳಿದು ಎದ್ದಿತು. "ನೋಡಿದ್ಯಾ? ಹಸಿರು ನೋಡ್ತಾ ಕೂತ್ರೆ ಸೊಂಟ ಮುರಿಯುತ್ತೆ."

ಸಿಗ್ನಲ್ಲಿನಲ್ಲಿ ನಿಂತಾಗ ಹನಿಯಮ್ಮ ಬಾಗಿ ನೋಡಿದಳು. ಮುಳ್ಳು ಹಸಿರಿನಲ್ಲೇ ಇತ್ತು. ಆದರೆ ಹಸಿರಿನ ಎಡ ಅಂಚಿನಲ್ಲಿ, ಕೆಂಪಿಗೆ ಭುಜ ತಾಗಿಸಿಕೊಂಡು. ಬೇರೆ ಯಾರಾದರೂ ಆಗಿದ್ದರೆ ಸುಮ್ಮನಿರುತ್ತಿದ್ದರು. ಹನಿ ಎಣಿಸಿದ ಕಣ್ಣು ಅದನ್ನು ಸಹಿಸಲಿಲ್ಲ. ಹದ ಅಂದರೆ ನಡುಮಧ್ಯ. ಇದು ಹದವಲ್ಲ, ಅಕ್ಕನ ಉಪ್ಪು.

ಮರುದಿನ ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದ ಸದ್ದು ಕೇಳಿ ಹನಿಯಮ್ಮ ಹೊಲಿಗೆ ಮಿಷನ್ನಿನ ಪುಟ್ಟ ಸ್ಕ್ರೂ ಡ್ರೈವರ್ ಸೆರಗಿನಲ್ಲಿ ಸುತ್ತಿಕೊಂಡು ಶೆಡ್ಡಿಗೆ ಬಂದಳು. ಬಾನೆಟ್ ಎತ್ತಿ, ಆ ಸ್ಕ್ರೂವನ್ನು ಒಂದು ಕೂದಲೆಳೆಯಷ್ಟು ಒಳಕ್ಕೆ ತಿರುಗಿಸಿದಳು. ಕದ್ದು ಮಾಡುವ ಕೆಲಸವೇನೋ ನಿಜ. ಆದರೆ ಕಾರು ಉಳಿಸುವುದಕ್ಕೆ ತಾನೇ? ಪಾಪ ಬರುವುದಿಲ್ಲ ಅಂದುಕೊಂಡಳು.

ಮುಂದಿನ ಸಂತೆಗೆ ಹೊರಟಾಗ ಮುಳ್ಳು ನಡುವೆ ಇರಬೇಕಿತ್ತು. ಇರಲಿಲ್ಲ. ಮೊದಲಿಗಿಂತ ಎಡಕ್ಕಿತ್ತು! ಹನಿಯಮ್ಮನಿಗೆ ದಿಗಿಲಾಯಿತು. ಮತ್ತೆ ಒಂದು ಬೆಳಿಗ್ಗೆ ಇನ್ನೂ ಸ್ವಲ್ಪ ಒಳಕ್ಕೆ ತಿರುಗಿಸಿದಳು. ಅದರ ಮುಂದಿನ ವಾರ ಮುಳ್ಳು ಇನ್ನೂ ಎಡಕ್ಕೆ, ಪೂರ್ತಿ ಕೆಂಪಿಗೆ. ಓದುವವರ ಮೂಗಿಗೆ ಈಗಾಗಲೇ ವಾಸನೆ ಬಡಿದಿರಬೇಕು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ, ಗಾಡಿ ಪಾಪ ಏನು ಮಾಡೀತು? ಹನಿಯಮ್ಮನಿಗೆ ಮಾತ್ರ ವಾಸನೆ ಬಡಿಯಲಿಲ್ಲ. ಅಕ್ಕ ಸಂಜೆ ಹೊತ್ತು ಶೆಡ್ಡಿನ ಕಡೆ ಹೋಗುವುದನ್ನು ಅವಳು ನೋಡಿದ್ದಳು. ಕಾರು ಒರೆಸುವುದಕ್ಕೆ ಹೋಗುತ್ತಾಳೆ, ಪಾಪ, ಅಂದುಕೊಂಡಿದ್ದಳು.

ತಪಾಸಣೆ ಹತ್ತಿರ ಬಂದಿತ್ತು. ಆ ವಾರ ಕಾರು ಹೊರಟಾಗ ಮುಳ್ಳು ಒಂದೇ ನೆಗೆತಕ್ಕೆ ಬಲಕ್ಕೆ ಹೋಗಿ ಹಳದಿಯಲ್ಲಿ ಕೂತಿತು. ಗಾಳಿ ಜಾಸ್ತಿ! ಕಾರು ಮುಗ್ಗರಿಸುತ್ತ, ತಲೆ ಆಡಿಸುತ್ತ ನಡೆಯಿತು.

"ನೋಡಿದ್ಯಾ, ನೋಡಿದ್ಯಾ!" ಅಕ್ಕ ಸ್ಟೇರಿಂಗ್ ಮೇಲೆ ಬಡಿದಳು. "ಹೊಟ್ಟೆಗೆ ಸಾಲ್ದು ಅಂತ ನಾನು ಬಡ್ಕೊಳ್ತಾನೇ ಇದ್ದೆ. ನಿನ್ನ ಗೇಜೇ ಹೇಳ್ತಿದೆ ಈಗ. ಹೊಟ್ಟೆ ತುಂಬ ಕೊಡದೆ ಕೆಲಸ ಮಾಡು ಅಂದ್ರೆ ಯಾರು ಮಾಡ್ತಾರೆ?"

ಹನಿಯಮ್ಮನಿಗೆ ಅಳುವೇ ಬಂತು. ಗೇಜು ತನ್ನ ಕಡೆಯದು ಅಂತ ಅವಳು ನಂಬಿದ್ದಳು. ಮನೆಯಲ್ಲಿ ಯಾರೂ ತನ್ನ ಪಕ್ಷ ವಹಿಸದಿದ್ದರೂ ಇದೊಂದು ವಹಿಸುತ್ತದೆ ಅಂದುಕೊಂಡಿದ್ದಳು. ಅದೂ ಸೌಟು ಹಿಡಿದವಳ ಕಡೆ ಹೋಯಿತಲ್ಲ! ಆದರೆ ಅಳತೆಗೆ ಎದುರಾಡುವ ಜಾತಿಯಲ್ಲ ಅವಳು. ಮುಳ್ಳು ಗಾಳಿ ಜಾಸ್ತಿ ಅಂದ ಮೇಲೆ ಜಾಸ್ತಿಯೇ. ಮರುದಿನ ಬೆಳಿಗ್ಗೆ ಹಲ್ಲು ಕಚ್ಚಿಕೊಂಡು ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದಳು. ಜನ್ಮದಲ್ಲಿ ಹನಿಯಮ್ಮ ಯಾವುದನ್ನಾದರೂ ಜಾಸ್ತಿ ಹಾಕಿದ್ದು ಅದೇ ಮೊದಲು. ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ.

ತಪಾಸಣೆಗೆ ಎರಡು ದಿನ ಇರುವಾಗ ಕಾರು ಸಂತೆಯ ಬಾಯಲ್ಲಿ ನಿಂತುಹೋಯಿತು. ನಿಲ್ಲುವ ಮೊದಲು ಕೆಮ್ಮಿತು, ಸೀನಿತು, ಇಡೀ ಬೀದಿಗೆ ಕರಿ ಹೊಗೆ ಬಿಟ್ಟಿತು. ತರಕಾರಿಯವಳು ಸೊಪ್ಪಿನ ಮೇಲೆ ಗೋಣಿ ಮುಚ್ಚಿ ಕೂಗಿದಳು: "ಅಮ್ಮಾ, ಸೊಳ್ಳೆ ಓಡ್ಸೋಕೆ ಬಂದ್ರಾ?" ನಾಲ್ಕು ಜನ ನಗುತ್ತಲೇ ಕಾರನ್ನು ಗ್ಯಾರೇಜಿಗೆ ತಳ್ಳಿಕೊಂಡು ಹೋದರು. ಮುಳ್ಳು ಮಾತ್ರ ನಿಲ್ಲುವ ತನಕವೂ ಗಾಳಿ ಜಾಸ್ತಿ, ಗಾಳಿ ಜಾಸ್ತಿ ಅಂತಲೇ ಹೇಳಿತ್ತು.

ಮೆಕ್ಯಾನಿಕ್ ಕಷ್ಟಪಟ್ಟು ಎಂಜಿನ್ ಹತ್ತಿಸಿ, ಒಳಗೆ ಇಣುಕಿ, ಅಕ್ಕನ ಕರವಸ್ತ್ರವನ್ನು ಎರಡು ಬೆರಳಲ್ಲಿ ಎತ್ತಿದ. ಅದರ ಕೆಳಗಿನ ಮುಳ್ಳು ಚಳಿ ಹಿಡಿದಂತೆ ಗಡಗಡ ನಡುಗುತ್ತಿತ್ತು.

"ಇದನ್ನ ಯಾರಾದ್ರೂ ನೋಡಿದ್ರಾ?"

"ಅದಕ್ಕೆ ಬಣ್ಣ ಇರ್ಲಿಲ್ವಲ್ಲೋ" ಅಂದಳು ಅಕ್ಕ.

ಅವನು ಒಂದೊಂದೇ ಪ್ಲಗ್ಗು ಬಿಚ್ಚಿದ. ಮೂರನೆಯದು ಹೊರಗೆ ಬಂದಾಗ ಮಸಿಯ ಉಂಡೆಯಾಗಿತ್ತು. "ಪೆಟ್ರೋಲು ಕುಡಿಸಿ ಕುಡಿಸಿ ಇವನ ಉಸಿರು ಕಟ್ಟಿಸಿದ್ದೀರಿ. ಇವನು ಉರೀತಾನೇ ಇಲ್ಲ. ಉರೀದೆ ಇದ್ದಾಗ ಇವನ ಪಾಲಿನ ಗಾಳಿ ಹಾಗೇ ಪೈಪಿಗೆ ಹೋಗುತ್ತೆ. ಗೇಜು ಗಾಳಿ ಜಾಸ್ತಿ ಅಂತು. ಅದು ಕಂಡದ್ದನ್ನೇ ಹೇಳಿದೆ, ಪಾಪ. ನೀವು ಅದನ್ನ ನಂಬ್ಕೊಂಡು ಇನ್ನೂ ಕುಡಿಸಿದ್ರಿ. ಸರಿ, ಮೊದಲು ಯಾರು ಜಾಸ್ತಿ ಮಾಡಿದ್ದು?"

ಇಬ್ಬರೂ ಗ್ಯಾರೇಜಿನ ಚಾವಣಿ ನೋಡಿದರು. ಅವನು ಟಾರ್ಚ್ ಹಿಡಿದು ಸ್ಕ್ರೂ ತಲೆಯನ್ನು ನೋಡಿದ. "ಇಲ್ಲಿ ಎರಡು ತರ ಗುರುತಿದೆ. ಒಂದು ಸಣ್ಣ ಸ್ಕ್ರೂ ಡ್ರೈವರಿಂದು, ಹೊಲಿಗೆ ಮಿಷನ್ನಿಗೆ ಬರುತ್ತಲ್ಲ, ಅಂಥದ್ದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹನಿಯಮ್ಮನ ಕೈ ತನಗೇ ಗೊತ್ತಿಲ್ಲದೆ ಚೀಲದ ಮೇಲೆ ಹೋಯಿತು.

"ಅಯ್ಯೋ ನಿನ್ನ! ನೀನಾ?" ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಅದಕ್ಕೇ ನಾನು ಸಂಜೆ ಎಷ್ಟು ಬಿಚ್ಚಿದ್ರೂ ಬೆಳಿಗ್ಗೆ ಮತ್ತೆ ಬಿಗಿ ಇರ್ತಿತ್ತು!"

ಮಾತು ಬಾಯಿಂದ ಜಾರಿದ ಮೇಲೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ತಡವಾಗಿತ್ತು.

"ಇನ್ನೊಂದು ಗುರುತು ಅಡುಗೆಮನೆ ಚಾಕೂದು" ಅಂತ ಮೆಕ್ಯಾನಿಕ್ ಹೇಳಿ ಮುಗಿಸುವಷ್ಟರಲ್ಲಿ ನಗು ತಡೆಯಲಾರದೆ ಟೈರಿನ ಮೇಲೆ ಕೂತುಬಿಟ್ಟ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತ ಕೇಳಿದ್ದೆ. ಅಕ್ಕ ತಂಗೀರ ಜಗಳದಲ್ಲಿ ಕಾರು ಬಡವಾಗಿದ್ದು ಇವತ್ತು ನೋಡ್ದೆ. ಕೊಡಿ ಇಲ್ಲಿ ಎರಡೂ." ಒಬ್ಬಳ ಚೀಲದಿಂದ ಸ್ಕ್ರೂ ಡ್ರೈವರ್, ಇನ್ನೊಬ್ಬಳ ಚೀಲದಿಂದ ಚಾಕು, ಎರಡೂ ಅವನ ಡಬ್ಬಿ ಸೇರಿದವು.

ಹೊಸ ಪ್ಲಗ್ಗು ಹಾಕಿಸಿಕೊಂಡು, ಮುಳ್ಳನ್ನು ಹಸಿರಿನ ನಡುವೆ ಕೂರಿಸಿಕೊಂಡು ಮನೆಗೆ ಹೊರಟರು. ಎಂಜಿನ್ ಓಡುತ್ತಿತ್ತು, ಆದರೆ ಇಬ್ಬರಿಗೂ ಮಾತು ಬರಲಿಲ್ಲ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ತರಕಾರಿಯವಳ ವಂಶವನ್ನೆಲ್ಲ ಜಾಲಾಡಿರುತ್ತಿದ್ದರು. ಕೊನೆಗೆ ಅಕ್ಕನೇ ಕೇಳಿದಳು.

"ನಾಳಿದ್ದು ಫೇಲಾದ್ರೆ?"

"ಗೊತ್ತಿಲ್ಲ ಅಕ್ಕ."

"ನಂಗೆ ಬಸ್ಸಿನಲ್ಲಿ ಹೋಗೋಕೆ ಆಗಲ್ಲಪ್ಪ. ಬಸ್ಸಿನಲ್ಲಿ ಪಕ್ಕದಲ್ಲಿ ಯಾರೋ ಕೂತಿರ್ತಾರೆ." ಅಕ್ಕ ಗೇರು ಬದಲಾಯಿಸಿದಳು. "ಅವರ ಹತ್ರ ನಾನೇನು ಮಾತಾಡ್ಲಿ?"

ಹನಿಯಮ್ಮ ಕಿಟಕಿಯ ಹೊರಗೆ ನೋಡಿದಳು. ಅಕ್ಕನಿಗೂ ಅದೇ ಭಯ ಅಂತ ಅವಳಿಗೆ ಗೊತ್ತಿರಲಿಲ್ಲ.

ತಪಾಸಣೆಯ ದಿನ ಸಾಲು ಉದ್ದವಿತ್ತು. ಬಿಸಿಲು ಏರಿತು, ತಗಡಿನ ಚಪ್ಪರ ಕಾದಿತು, ಕಾರು ನಿಂತಲ್ಲೇ ಬಿಸಿಯಾಯಿತು. ಆರಿಸಿದರೆ ಮತ್ತೆ ಹತ್ತದೆ ಹೋದೀತು ಅಂತ ಅಕ್ಕ ಎಂಜಿನ್ ಆರಿಸಲಿಲ್ಲ. ಮುಂದೆ ಇನ್ನು ಕೆಲವೇ ಗಾಡಿ ಇರುವಾಗ ಹನಿಯಮ್ಮ ನೋಡಿದಳು. ಮುಳ್ಳು ಮೆಲ್ಲಮೆಲ್ಲಗೆ ಎಡಕ್ಕೆ ಜರುಗುತ್ತಿತ್ತು. ಹಸಿರು ದಾಟಿತು. ಕೆಂಪು ಮುಟ್ಟಿತು.

"ಈ ಸಲ ನಾನಲ್ಲ!" ಅಂದಳು ಅಕ್ಕ.

"ನಾನೂ ಅಲ್ಲ!"

ಬರುತ್ತೇನೆ ಅಂದಿದ್ದ ಮೆಕ್ಯಾನಿಕ್ ಬಂದಿರಲಿಲ್ಲ. ಫೋನ್ ಮಾಡಿದರೆ ಯಾವುದೋ ಬಸ್ಸಿನ ಕೆಳಗೆ ಮಲಗಿದ್ದ. "ಬಿಸಿ ಏರಿದ್ರೆ ಪೆಟ್ರೋಲು ತಾನಾಗೇ ಒಸರುತ್ತೆ ಚಿಕ್ಕಮ್ಮ. ಉಸಿರಿನ ಮುಳ್ಳು ನೆಟ್ಟಗಿದೆ ತಾನೇ? ಹಾಗಾದ್ರೆ ಬಣ್ಣದ್ದು ಹೇಳೋದು ನಿಜ. ಸ್ಕ್ರೂ ಒಳಕ್ಕೆ ತಿರುಗಿಸ್ಬೇಕು. ಒಬ್ರು ಸ್ಕ್ರೂ ಹತ್ರ ನಿಲ್ಲಿ, ಒಬ್ರು ಮುಳ್ಳು ನೋಡಿ. ಕೂದಲೆಳೆಯಷ್ಟು ತಿರುಗಿಸಿ, ಮುಳ್ಳು ನಿಲ್ಲೋವರೆಗೂ ಕಾಯಿರಿ, ಆಮೇಲೆ ಇನ್ನೊಂದು ಕೂದಲೆಳೆ."

"ಮುಟ್ಟಬೇಡಿ ಅಂದಿದ್ಯಲ್ಲೋ!"

"ಕದ್ದು ಮುಟ್ಟಬೇಡಿ ಅಂದೆ. ಹೇಳ್ಕೊಂಡು ಮುಟ್ಟಿ."

ಅಕ್ಕ ಹ್ಯಾಂಡ್ ಬ್ರೇಕ್ ಎಳೆದು ಕೆಳಗಿಳಿದಳು. "ಸ್ಕ್ರೂ ಡ್ರೈವರ್ ಅವನ ಹತ್ರ ಇದೆಯಲ್ಲ ಅಕ್ಕ" ಅಂತ ಹನಿಯಮ್ಮ ಅಳುಮೋರೆ ಮಾಡಿದಳು. ಅಕ್ಕ ಸೊಂಟದಿಂದ ಇನ್ನೊಂದು ಚಾಕು ತೆಗೆದಳು. "ಅಡುಗೆಯವಳ ಹತ್ರ ಒಂದೇ ಚಾಕು ಇರುತ್ತೇನೇ?"

ಬಾನೆಟ್ ಎದ್ದು ನಿಂತಿತು. ಈಗ ಅಕ್ಕನಿಗೆ ಮುಳ್ಳು ಕಾಣದು, ತಂಗಿಗೆ ಸ್ಕ್ರೂ ಕಾಣದು. ಬಾನೆಟ್ಟಿನ ಕೆಳಗಿನ ಸಂದಿಯಲ್ಲಿ ಹನಿಯಮ್ಮನಿಗೆ ಕಂಡದ್ದು ಅಕ್ಕನ ಮಣಿಕಟ್ಟು ಮಾತ್ರ. ಸೌಟು ಹಿಡಿದು ದಪ್ಪಗಾದ ಆ ಮಣಿಕಟ್ಟನ್ನು ಅವಳು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತೋ.

"ಒಳಕ್ಕೆ, ಸ್ವಲ್ಪ."

"ತಿರುಗಿಸ್ದೆ."

"ಇನ್ನೂ ಸ್ವಲ್ಪ."

ಕಡಿಮೆ ಮಾಡು ಅಂದರೆ ಮಾಡುವ ಕೈಯಲ್ಲ ಅದು, ಆದರೂ ಮಾಡಿತು. ಮುಳ್ಳು ಕೆಂಪು ಬಿಟ್ಟು ಹಸಿರಿಗೆ ಬಂತು. ನಡುವಿಗೆ ಬಂತು. ಅಲ್ಲಿ ಸಾಕು ಅನ್ನಬೇಕಿತ್ತು ಹನಿಯಮ್ಮ. ನಾಲಿಗೆಯ ತುದಿಯಲ್ಲಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋದೀತೇ?

ಇನ್ನೊಂದು ಎಳೆ ಕಡಿಮೆಯಾದರೆ ಏನು ನಷ್ಟ ಅನ್ನಿಸಿತು. ಸುಮ್ಮನಿದ್ದಳು. ಅಕ್ಕ ಮತ್ತೆ ತಿರುಗಿಸಿದಳು. ಮುಳ್ಳು ಹಸಿರನ್ನು ದಾಟಿ ಸರಕ್ಕನೆ ಹಳದಿಗೆ ಹಾರಿತು, ಎಂಜಿನ್ ಒದ್ದಾಡತೊಡಗಿತು. ಮುಂದಿನ ಗಾಡಿ ಹೊರಟುಹೋಯಿತು, ಹಿಂದಿನವನು ಹಾರ್ನ್ ಒತ್ತಿದ, ತಪಾಸಣೆಯವನು ಬನ್ನಿ ಬನ್ನಿ ಅಂತ ಕೈ ಬೀಸಿದ.

ನನ್ನಿಂದಲೇ ಹೋಯಿತು, ನನ್ನ ಈ ದರಿದ್ರ ಜಿಪುಣತನದಿಂದಲೇ ಕಾರು ಹೋಯಿತು ಅಂದುಕೊಂಡಳು ಹನಿಯಮ್ಮ. ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಅಕ್ಕಾ, ಸ್ವಲ್ಪ ಜಾಸ್ತಿ ಹಾಕು!"

ಬಾನೆಟ್ಟಿನ ಪಕ್ಕದಿಂದ ಅಕ್ಕನ ಮುಖ ಮೆಲ್ಲಗೆ ಹೊರಬಂತು. ಮೂಗಿನ ತುದಿಗೆ ಮಸಿ. "ಏನಂದೆ?"

"ಕೇಳಿಸ್ತಲ್ಲ ನಿಂಗೆ."

"ಇಲ್ಲ ಕಣೇ. ಎಂಜಿನ್ ಸದ್ದು."

"ಜಾಸ್ತಿ ಹಾಕು ಅಂದೆ!"

"ಇನ್ನೊಂದ್ಸಲ ಹೇಳೇ, ನಮ್ಮಮ್ಮ ಇದ್ದಿದ್ರೆ ಕೇಳಿಸ್ಕೊಂಡು ಖುಷಿಪಡ್ತಿದ್ಲು."

ಹಾರ್ನ್ ಒತ್ತಿ ಸುಸ್ತಾದವನು ಇಳಿದು ಬಂದು, "ಹಾಕ್ರಮ್ಮ, ಅಷ್ಟು ಬಾಯಿಬಿಟ್ಟು ಕೇಳ್ತಿದ್ದಾರೆ!" ಅಂದ. ಅಕ್ಕನ ಮುಖ ಮರೆಯಾಯಿತು. ಮಣಿಕಟ್ಟು ಹೊರಕ್ಕೆ ತಿರುಗಿತು. ಈಗ ಹನಿಯಮ್ಮನಿಗೆ ಬೇರೆ ಭಯ. ಜಾಸ್ತಿ ಹಾಕು ಅಂತ ಸೌಟಮ್ಮನಿಗೆ ಹೇಳುವುದೂ ಒಂದೇ, ನದಿಗೆ ಹರಿ ಅನ್ನುವುದೂ ಒಂದೇ. ಮುಳ್ಳು ಹಳದಿ ಬಿಟ್ಟಿತು, ಹಸಿರು ಸೇರಿತು, ನಡುವಿಗೆ ಬಂತು.

"ಸಾಕು!"

ಮಣಿಕಟ್ಟು ಅಲ್ಲೇ ನಿಂತಿತು.

"ಇನ್ನೊಂದು ಚೂರು ಹಾಕ್ಲಾ?"

"ಬೇಡ ಅಕ್ಕ."

"ಸರಿ" ಅಂದಳು ಅಕ್ಕ. ಮರುಮಾತಿಲ್ಲದೆ ಬಾನೆಟ್ ಇಳಿಸಿದಳು.

ತಪಾಸಣೆಯವನು ಕೊಳವೆ ತೂರಿಸಿ, ತನ್ನ ಯಂತ್ರ ನೋಡಿ, ನಂಬಿಕೆ ಬಾರದೆ ಅದನ್ನು ತಟ್ಟಿ ಮತ್ತೆ ನೋಡಿದ. ಆಮೇಲೆ ಪಾಸಾದ ಚೀಟಿ ಹರಿದುಕೊಟ್ಟ. "ಯಾರಮ್ಮ ಇದನ್ನ ಇಷ್ಟು ಚೆನ್ನಾಗಿ ಹದ ಮಾಡಿದ್ದು?" ಅಂದ. "ನಾನು" ಅಂದರು ಇಬ್ಬರೂ ಒಟ್ಟಿಗೆ.

ವಾಪಸು ಬರುವಾಗ ಮಾತಿಗೆ ಕೊನೆಯೇ ಇರಲಿಲ್ಲ. ಅಕ್ಕ "ಜಾಸ್ತಿ ಹಾಕು" ಅನ್ನುವುದನ್ನು ತಂಗಿಯ ದನಿಯಲ್ಲೇ ಅಣಕಿಸಿ ಅಣಕಿಸಿ ನಕ್ಕಳು, ತಂಗಿ ಅಕ್ಕನ ಮೂಗಿನ ಮಸಿಯ ವಿಷಯ ಬೇಕೆಂದೇ ಹೇಳಲಿಲ್ಲ. ಮನೆ ಬಂತು. ಶೆಡ್ಡಿನೊಳಗೆ ಕಾರು ನಿಲ್ಲಿಸಿ ಅಕ್ಕ ಕೀಲಿಗೆ ಕೈ ಹಾಕಿದಳು.

"ಇರು" ಅಂದಳು ಹನಿಯಮ್ಮ.

"ಪೆಟ್ರೋಲು ಸುಮ್ನೆ ಉರೀತಿದೆ ಕಣೇ."

"ಉರೀಲಿ ಬಿಡು."

ಅಕ್ಕ ಕೀಲಿ ಬಿಟ್ಟು ತಂಗಿಯ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲ!"

"ತಮಾಷೆ ಮಾಡ್ಬೇಡ ಅಕ್ಕ. ನಂಗೆ ಭಯ ಆಗಿತ್ತು. ಕಾರು ಹೋದ್ರೆ ನಿನ್ನ ಹತ್ರ ಹೇಗೆ ಮಾತಾಡೋದು ಅಂತ ಭಯ ಆಗಿತ್ತು."

ಅಕ್ಕ ಸ್ಟೇರಿಂಗ್ ಬಿಟ್ಟು ತಂಗಿಯ ಕಡೆ ತಿರುಗಿದಳು. "ಮನೇಲಿ ಬಾಯಿಲ್ವೇನೇ ನಮಗೆ?"

"ಮನೇಲಿ ಶುರು ಮಾಡಿದ್ರೆ ಎಲ್ಲಿ ನಿಲ್ಲಿಸ್ಬೇಕು ಗೊತ್ತಾಗಲ್ಲ. ನೀನು ಜಾಸ್ತಿ ಹೇಳ್ತೀಯ, ನಾನು ಬಾಗಿಲು ಹಾಕ್ತೀನಿ. ಕಾರಲ್ಲಾದ್ರೆ ಮುಳ್ಳಿದೆ."

"ಅಲ್ಲೂ ಸಾಕು ಅನ್ನು ಮತ್ತೆ. ನಿಲ್ಲಿಸ್ತೀನಿ. ಇವತ್ತು ನಿಲ್ಲಿಸ್ಲಿಲ್ವಾ?"

ಹನಿಯಮ್ಮ ಕೈ ಚಾಚಿ ತಾನೇ ಕೀಲಿ ತಿರುಗಿಸಿದಳು. ಎಂಜಿನ್ ಒಮ್ಮೆ ಗುಡುಗುಟ್ಟಿ ನಿಂತಿತು. ಶೆಡ್ಡು ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಇಬ್ಬರೂ ಬಾಗಿಲಿನ ಹಿಡಿ ಹಿಡಿದುಕೊಂಡು ಒಂದು ಗಳಿಗೆ ಕೂತರು.

"ಆ ತರಕಾರಿಯವಳು ಇದ್ದಾಳಲ್ಲ" ಅಂತ ಅಕ್ಕ ಶುರು ಮಾಡಿದಳು, "ಅವಳ ಅತ್ತೆ ಯಾರು ಗೊತ್ತಾ ನಿಂಗೆ..."

ಅದು ಉದ್ದದ ಕಥೆ, ಅದರಲ್ಲಿ ಅರ್ಧಕ್ಕೆ ಮೇಲೆ ಅಕ್ಕನೇ ಸೇರಿಸಿದ್ದು. ಶೆಡ್ಡಿನಿಂದ ಅಂಗಳಕ್ಕೆ, ಅಂಗಳದಿಂದ ಮುಂದಿನ ಬಾಗಿಲಿಗೆ, ಅಲ್ಲಿಂದ ಅಕ್ಕನ ಅಡುಗೆಮನೆಯವರೆಗೂ ಅದು ಮುಗಿಯಲಿಲ್ಲ. ಹನಿಯಮ್ಮ ಸಾಕು ಅನ್ನಲಿಲ್ಲ.